ಸರ್ವರ್ ಖೋಲಿಯ ತಂಪು

ಹಣಮೇಶನ ತಾಪತ್ರಯಕ್ಕೆಲ್ಲ ಮೂಲ ಒಂದು ಎಸಿ. ಶಹಾಪುರದ ಆ ಖಾಸಗಿ ಕಾಲೇಜಿನಲ್ಲಿ ಎಸಿ ಇದ್ದದ್ದು ಸರ್ವರ್ ಖೋಲಿಯಲ್ಲಿ ಮಾತ್ರ, ಅದೂ ಯಂತ್ರಗಳಿಗಾಗಿ. ಬೇಸಿಗೆಯಲ್ಲಿ ಗುಡ್ಡದ ಬಂಡೆಗಳು ಕಾದವೆಂದರೆ ಇಡೀ ಆಫೀಸೇ ಅಲ್ಲಿಗೆ ಗುಳೆ ಬರುತ್ತಿತ್ತು. ಇದೇನು ಸರ್ವರ್ ಖೋಲಿಯೋ, ಧರ್ಮಛತ್ರವೋ? ಕಂಪ್ಯೂಟರ್ ನೋಡಿಕೊಳ್ಳುವ ಹಣಮೇಶ ಒಬ್ಬನೇ ಕುದಿಯುತ್ತಿದ್ದ.

ಇವತ್ತಂತೂ ಅವನಿಗೆ ಏಕಾಂತ ಬೇಕೇ ಬೇಕಿತ್ತು. ಹಾಜರಿ, ಫೀಸು, ಹಾಲ್‌ಟಿಕೆಟ್ಟಿನ ವರ್ಚುವಲ್ ಯಂತ್ರಗಳೆಲ್ಲ ಒಂದೇ ಮನೆಯ ಬಾಡಿಗೆದಾರರಂತೆ ದೊಡ್ಡ ಸರ್ವರಿನೊಳಗೆ ಓಡುತ್ತಿದ್ದವು. ಅವನ್ನೆಲ್ಲ ಪಕ್ಕದ ಸಣ್ಣ ಸರ್ವರಿಗೆ ಸಾಗಿಸಿ, ದೊಡ್ಡದರಲ್ಲಿನ ಹಳೆಯ ಸಾಫ್ಟ್‌ವೇರ್ ಪ್ಯಾಕೇಜು ಕಿತ್ತು ಹೊಸದು ಹಾಕಬೇಕು. ನಾಳೆ ಹಾಲ್‌ಟಿಕೆಟ್ ಹಂಚಿಕೆ. ಏನಾದರೂ ಕೆಟ್ಟರೆ ಎಲ್ಲ ಅವನ ತಲೆಗೇ ಬರುತ್ತದೆ.

ನೋಡಿದರೆ ಸಣ್ಣ ಸರ್ವರ್ ಸತ್ತು ಬಿದ್ದಿತ್ತು! ಅದರ ಪ್ಲಗ್ಗಿನ ಜಾಗದಲ್ಲಿ ಅಟೆಂಡರ್ ಗೊಲ್ಲಾಳಮ್ಮನ ಮೊಬೈಲ್ ಚಾರ್ಜಾಗುತ್ತಿತ್ತು.

"ಅವ್ವಾ, ಇದನ್ನ ಯಾಕ ಕಿತ್ತಿ?"

"ಸುಮ್ಮ ಗುಂಯ್ ಅನ್ನಾಕತ್ತಿತ್ತು ತಮ್ಮಾ. ಏನೂ ಕೆಲಸ ಮಾಡಂಗಿಲ್ಲೇನೋ ಅಂದ್ಕೊಂಡೆ."

ಹಲ್ಲು ಕಡಿಯುತ್ತ ಪ್ಲಗ್ ಹಾಕಿದ. ಅದು ಶುರುವಾಗುವಷ್ಟರಲ್ಲಿ, ಹಳೆಯ ಪ್ಯಾಕೇಜು ಕಿತ್ತರೆ ಜೊತೆಗೆ ಏನೇನು ಹೋಗುತ್ತದೆಂದು ದೊಡ್ಡ ಸರ್ವರನ್ನು ಕೇಳಿದ. ಒಬ್ಬ ಅಳಿಯ ಮುನಿಸಿಕೊಂಡರೆ ಬೀಗರೆಲ್ಲ ಎದ್ದು ಹೊರಡುವಂತೆ ಅದರ ಹಿಂದೆ ದೊಡ್ಡ ಹಿಂಡೇ ಹೊರಟಿತ್ತು. ಆ ಬಾಡಿಗೆದಾರ ಯಂತ್ರಗಳನ್ನು ನಡೆಸುವ ಪ್ಯಾಕೇಜೂ ಅದರಲ್ಲಿತ್ತು. 'ತೆಗೆಯಲೇ?' ಎಂದು ಪರದೆ ಕೇಳಿತು. ಹಣಮೇಶ ಗಾಬರಿಯಿಂದ ಓದುತ್ತಿದ್ದ.

"ಎಷ್ಟೊತ್ತು ನೋಡ್ತೀರಿ? ಕೇಳಿದ್ದಕ್ಕ ಹೌದಂದ್ರ ಮುಗೀತಲ್ಲ!" ಹಿಂದೆ ನಿಂತಿದ್ದ ಸೂಪರಿಂಟೆಂಡೆಂಟ್ ಇನಾಯತ ಸಾಹೇಬರು ಕೈಚಾಚಿ ಹೌದು ಒತ್ತಿಯೇಬಿಟ್ಟರು.

ಹಾಜರಿ ಹೋಯಿತು, ಫೀಸು ಹೋಯಿತು, ಹಾಲ್‌ಟಿಕೆಟ್ ಹೋಯಿತು.

"ಸಾಹೇಬ್ರ! ನನ್ನ ನೌಕ್ರಿಗೆ ಬೆಂಕಿ ಹಚ್ಚಿದ್ರಲ್ರೀ!"

"ನಾ ಏನ್ ಮಾಡಿದೆ? ಕೇಳಿದ್ದು ಅದು!"

ಜಗಳಕ್ಕೆಂದು ಫೀಸಿನವರು ಓಡಿ ಬಂದರು, ತಂಪು ತಾಗಿ ಕುಳಿತೇಬಿಟ್ಟರು. ಬೈಯಲು ಬಂದ ಲೆಕ್ಚರರುಗಳು ಚಹಾ ತರಿಸಿದರು. ಎಂಥ ನಾಚಿಕೆಗೆಟ್ಟ ಜನ! ಅವರ ಮೊಣಕಾಲುಗಳ ನಡುವೆ ಕುಳಿತು, ಎಸಿಯಲ್ಲೂ ಬೆವರುತ್ತ, ಹಣಮೇಶ ಒಂದೊಂದೇ ಪ್ಯಾಕೇಜು ಮತ್ತೆ ಹಾಕಿದ. ಸಂಜೆಗೆ ಎಲ್ಲ ಯಂತ್ರಗಳೂ ಎದ್ದವು, ಹೊಸ ಪ್ಯಾಕೇಜಿನ ಸಮೇತ.

ಆಗ ಪ್ರಿನ್ಸಿಪಾಲ್ ಸಂಘಮಿತ್ರಾ ಮೇಡಂ ಬಂದರು. ಹಣಮೇಶನ ಸಿಟ್ಟು ಕಟ್ಟೆಯೊಡೆಯಿತು. "ಮೇಡಂ, ಬೇಡಾದವ್ರನ್ನ ಈ ಖೋಲಿಯಿಂದ ಇವತ್ತೇ ಹೊರಗ ಹಾಕ್ರಿ! ಇಲ್ಲಾಂದ್ರ ನಾ ಕೆಲ್ಸಾ ಮಾಡಂಗಿಲ್ಲ!"

"ಖರೇ ಐತಿ," ಎಂದರು ಮೇಡಂ. "ಮತ್ತ ಕೆಟ್ರ ರಿಪೇರಿ ಮಾಡಾಕ ನೀವು ಇಲ್ಲೇ ಕುಂದ್ರಬೇಕೇನು?"

ಹಣಮೇಶ ಎದೆಯುಬ್ಬಿಸಿದ. "ಏನೂ ಬೇಕಾಗಿಲ್ರಿ! ಲ್ಯಾಪ್‌ಟಾಪ್ ಒಂದಿದ್ರ ಕಕ್ಕೇರಾದಾಗ ನಮ್ಮ ಮನ್ಯಾಗ ಕುಂತೂ ಮಾಡ್ತೀನಿ."

"ಭೇಷ್. ಸಾಹೇಬ್ರು ಹಾಲ್‌ಟಿಕೆಟಿಗೆ ಸಿಕ್ಕಾ ಹೊಡಿಯೋದು ಇಲ್ಲೇ. ಗೊಲ್ಲಾಳಮ್ಮ ಚಹಾ ಕೊಡೋದು ಇಲ್ಲೇ. ಅಂದ್ರ ಇಲ್ಲಿ ಬೇಡಾದವ್ರು ನೀವೊಬ್ರೇ ಆದ್ರಿ. ನಿಮ್ಮ ಟೇಬಲ್ ಹೊರಗ ತಗಡಿನ ಪಡಸಾಲಿಗೆ ಹಾಕಸ್ತೀನಿ."

ಹಣಮೇಶ ಕುರ್ಚಿ ಹೊತ್ತು ಹೊಸ್ತಿಲಲ್ಲಿ ನಿಂತು ಕೊನೆಯ ಸಲ ಹಿಂತಿರುಗಿ ನೋಡಿದ.

ಇನಾಯತ ಸಾಹೇಬರು ಬಾಗಿಲು ಹಿಡಿದು ನಿಂತಿದ್ದರು. "ಜಲ್ದಿ ದಾಟ್ರಿ ಹಣಮೇಶ, ಥಂಡಗಾಳಿ ಹೊರಗ ಹೋಗಾಕತ್ತೈತಿ!"