ರಾಷ್ಟ್ರೀಯ ಅಧಿವೇಶನದಲ್ಲಿ ನನ್ನ ಹೆಂಡತಿಯ ರೊಟ್ಟಿ

ನಮ್ಮ ಪಕ್ಷದ ರಾಷ್ಟ್ರೀಯ ಅಧಿವೇಶನಕ್ಕೆ ಸಿಂದಗಿಯಿಂದ ಪ್ರತಿನಿಧಿಯಾಗಿ ನನ್ನನ್ನು ಆರಿಸಿದಾಗ ನನಗೇನೂ ಆಶ್ಚರ್ಯವಾಗಲಿಲ್ಲ. ದೇಶಕ್ಕೆ ನನ್ನ ಅಗತ್ಯ ಬಿದ್ದೇ ಬೀಳುತ್ತದೆಂದು ನನ್ನ ಅರಿವೆ ಅಂಗಡಿಯ ಗಾದಿಯ ಮೇಲೆ ಕುಳಿತು ನಾನು ಹೇಳುತ್ತಲೇ ಇದ್ದೆ. ಬೇರೆ ಯಾರೂ ಅಷ್ಟು ದೂರ ಹೋಗಲು ಒಪ್ಪಿರಲಿಲ್ಲ ಎಂಬುದು ಆಮೇಲೆ ತಿಳಿಯಿತು!

ನನ್ನ ಯೋಜನೆ ಸರಳವಾಗಿತ್ತು. ನಮ್ಮ ದೊಡ್ಡ ನಾಯಕರ ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಳ್ಳುವುದು, ಅದು ಪೇಪರಿನಲ್ಲಿ ಬರುವುದು, ಅದನ್ನು ನೋಡಿದ ಜನ ನನ್ನನ್ನು ತಾಲೂಕು ಅಧ್ಯಕ್ಷನನ್ನಾಗಿ ಮಾಡುವುದು. ಆ ಕುರ್ಚಿಯ ಮೇಲೆ ನನಗೆ ಬಹಳ ದಿನಗಳಿಂದ ಕಣ್ಣಿತ್ತು.

“ಅಧ್ಯಕ್ಷ ಆಗೂದು ಆಮ್ಯಾಲ. ಮೊದಲ ಒಂದು ಹೊಸಾ ರೊಟ್ಟಿ ಹಂಚು ತಂದು ಕೊಡ್ರಿ. ಇದು ನಡುವ ಸೀಳೇತಿ, ಎಲ್ಲಾ ರೊಟ್ಟಿಗೂ ಕರೇ ಗೆರಿ ಬೀಳಾಕತ್ತೇತಿ,” ಎಂದಳು ಹೆಂಡತಿ ಶಾಂತವ್ವ.

“ದೇಶದ ಮಾತು ನಡದಾಗ ಹಂಚಿನ ಮಾತು ತೆಗೀತಿಯಲ್ಲ!”

“ದೇಶಾ ನಿಮಗ ಊಟಕ್ಕ ನೀಡ್ತೈತೇನ್ರಿ?”

ಗೊಣಗುತ್ತಲೇ ಎಳ್ಳು ಹಚ್ಚಿದ ಸಜ್ಜಿಯ ಕಡಕ್ ರೊಟ್ಟಿ ಬಡಿದು, ಶೇಂಗಾ ಚಟ್ನಿಯ ಜೊತೆ ಹಳೆಯ ಧೋತರದಲ್ಲಿ ದೊಡ್ಡ ಗಂಟು ಕಟ್ಟಿಕೊಟ್ಟಳು. ಹೂವಿನ ಹಿಪ್ಪರಗಿಯಿಂದ ಅವಳ ಸೋದರಮಾವ ಗುರಪ್ಪ ಮಾಮಾ ಕೂಡ ಪ್ರತಿನಿಧಿಯಾಗಿ ಹೊರಟಿದ್ದರು. ಇಬ್ಬರೂ ಉತ್ತರದ ಕಡೆಗೆ ರೈಲು ಹತ್ತಿದೆವು.

ಅಬ್ಬಾ, ಏನು ಮಂಟಪ! ಏನು ಜನ! ಮಾಮಾ ಕಿವಿ ಮಂದವೆಂದು ಮುಂದಿನ ಸಾಲಿನಲ್ಲಿ ಕುಳಿತರು. ನಾನು ಹಿಂದೆ. ಭಾಷಣವೆಲ್ಲ ಹಿಂದಿಯಲ್ಲಿ. ನನ್ನ ಹಿಂದಿ ವಿಜಾಪುರದ ಬಜಾರದಲ್ಲಿ ಚೌಕಾಸಿ ಮಾಡಲು ಸಾಕು, ದೇಶ ನಡೆಸಲು ಸಾಲದು. ಆದ್ದರಿಂದ ಪಕ್ಕದವರು ಚಪ್ಪಾಳೆ ತಟ್ಟಿದರೆ ನಾನೂ ತಟ್ಟಿದೆ, ಅವರು ಕೈ ಎತ್ತಿದರೆ ನಾನೂ ಎತ್ತಿದೆ. ಮಧ್ಯಾಹ್ನದ ಹೊತ್ತಿಗೆ ದೇಶದ ಅರ್ಧ ಸಮಸ್ಯೆಗಳನ್ನು ಹೀಗೆಯೇ ಬಗೆಹರಿಸಿಬಿಟ್ಟಿದ್ದೆ!

ಆಮೇಲೆ ಹಸಿವಾಯಿತು. ಗಂಟು ಬಿಚ್ಚಿದೆ. ಆದರೆ ಜೊತೆಗೆ ಬಂದವರನ್ನು ಕರೆಯದೆ ತುತ್ತು ಬಾಯಿಗಿಡುವುದು ನಮ್ಮ ಕಡೆ ದೊಡ್ಡ ಅವಮಾನ. ಅದರಲ್ಲೂ ಹೆಂಡತಿಯ ಸೋದರಮಾವ! ಸುದೈವದಿಂದ ಅದೇ ಹೊತ್ತಿಗೆ ಇಡೀ ಮಂಟಪ ಮೌನವಾಯಿತು. ಕೂಗಿದರೆ ಮಾಮಾನಿಗೂ ಕೇಳಿಸುತ್ತದೆಂದು ಎದ್ದು ನಿಂತೆ. ಗುರುತು ಸಿಗಲೆಂದು ದೊಡ್ಡದೊಂದು ರೊಟ್ಟಿಯನ್ನು ಎರಡೂ ಕೈಯಿಂದ ಎತ್ತಿ ಹಿಡಿದೆ.

“ಮಾಮಾರಽ! ಬರ್ರೀ, ಊಟಾ ಮಾಡೂಣು!”

ಮಾಮಾ ಒಬ್ಬರನ್ನು ಬಿಟ್ಟು ಎಲ್ಲರೂ ತಿರುಗಿ ನೋಡಿದರು. ಕ್ಯಾಮೆರಾಗಳು ಫಳಫಳ ಮಿಂಚಿದವು.

ಆ ಮೌನದ ಅರ್ಥ ನನಗೆ ಆಮೇಲೆ ತಿಳಿಯಿತು. ನಮ್ಮ ಸರಕಾರ ಬೆಲೆಯೇರಿಕೆಯನ್ನು ಹತ್ತಿಕ್ಕಿದೆ ಎಂದು ಅಭಿನಂದಿಸುವ ನಿರ್ಣಯದ ಠರಾವನ್ನು ಮತಕ್ಕೆ ಹಾಕಿದ್ದರು. ಒಪ್ಪುವವರ ಕೈ ಎಣಿಸಿ ಮುಗಿದು, ವಿರೋಧಿಸುವವರು ಎದ್ದು ನಿಲ್ಲಬೇಕೆಂದು ವೇದಿಕೆಯಿಂದ ಸುಮ್ಮನೆ ವಾಡಿಕೆಗೆ ಕೇಳಿದ್ದರು. ಇಡೀ ಭಾರತದಲ್ಲಿ ಎದ್ದವನು ನಾನೊಬ್ಬನೇ. ಅದೂ ರೊಟ್ಟಿ ಹಿಡಿದು!

ಸ್ವಯಂಸೇವಕರು ಓಡಿ ಬಂದು ಗಂಟಿನ ಸಮೇತ ನನ್ನನ್ನು ಎತ್ತಿಕೊಂಡೇ ಹೊರಟರು. ಫೋಟೋಗೆ ದೊಡ್ಡ ನಾಯಕರ ಬಳಿಗೇ ಒಯ್ಯುತ್ತಿದ್ದಾರೆಂದು ನಾನು ತಲೆಗೂದಲು ಸರಿಮಾಡಿಕೊಂಡೆ. ಮಂಟಪದ ಹಿಂದೆ ಇಳಿಸಿದರು. ನಮ್ಮ ಕಡೆಯ ಮುಖಂಡರೊಬ್ಬರು ಕೆಂಡವಾಗಿ ಬಂದರು.

“ಏನ್ರೀ, ನಮ್ಮ ಠರಾವಿಗೆ ನೀವಽ ವಿರೋಧ ಮಾಡ್ತೀರಿ? ರೊಟ್ಟಿ ತೋರ್ಸಿ ಧಿಕ್ಕಾರ ಕೂಗ್ತೀರಿ?”

“ಧಿಕ್ಕಾರ ಅಲ್ರೀ ಸಾಹೇಬ್ರ, ಮಾಮಾನ್ನ ಊಟಕ್ಕ ಕರದೇನ್ರಿ. ನೀವೂ ಬರ್ರಿ.”

ಅವರು ರೊಟ್ಟಿಯನ್ನೇ ದಿಟ್ಟಿಸಿದರು. “ಸಜ್ಜಿದೇನು?”

“ಹೌದ್ರಿ. ಶೇಂಗಾ ಚಟ್ನಿನೂ ಐತ್ರಿ.”

ಅತ್ತಿತ್ತ ನೋಡಿ ನೆಲದ ಮೇಲೆ ಕುಳಿತೇಬಿಟ್ಟರು. “ಮೂರೂ ಹೊತ್ತು ಪೂರಿ ತಿಂದು ನಾಲಿಗಿ ಕೆಟ್ಟು ಹೋಗೇತಿ ತಮ್ಮಾ. ಹಾಕು!”

ಶಿಸ್ತಿನ ಕ್ರಮ ಅಲ್ಲಿಗೆ ಮುಕ್ತಾಯವಾಯಿತು. ಸ್ವಯಂಸೇವಕರೂ ಕೈ ಹಾಕಿದರು. ನಿಜ ಹೇಳುತ್ತೇನೆ, ಅಂಥ ಸುಖದ ಊಟ ನಾನು ಬೇರೆಲ್ಲೂ ಉಂಡಿಲ್ಲ. ನಡುವೆ ಮಂಟಪದೊಳಗಿಂದ ಜಯಘೋಷ ಕೇಳಿಸಿತು. ದೊಡ್ಡ ನಾಯಕರು ಬಂದರು, ಮಾತಾಡಿದರು, ಪ್ರತಿನಿಧಿಗಳ ಜೊತೆ ಫೋಟೋ ತೆಗೆಸಿಕೊಂಡರು, ಹೋದರು. ನನ್ನ ಬಾಯಿ ತುಂಬ ರೊಟ್ಟಿಯಿತ್ತು.

ಕೊನೆಗೆ ಮಾಮಾ ಹುಡುಕಿಕೊಂಡು ಬಂದರು. “ಎಲ್ಲಿ ಹೋಗಿದ್ದ್ಯೋ? ದೊಡ್ಡ ಸಾಹೇಬ್ರು ನನ್ನ ಕೈ ಕುಲುಕಿದ್ರು! ಫೋಟೋನೂ ಆತು! ಅಂದಂಗ, ಹೊಟ್ಟಿ ಹಸದೈತಿ, ರೊಟ್ಟಿ ಉಳದಾವೇನು?”

ಒಂದೂ ಉಳಿದಿರಲಿಲ್ಲ.

ಸಿಂದಗಿಯಲ್ಲಿ ಬಸ್ಸಿಳಿದರೆ ವಿರೋಧ ಪಕ್ಷದವರು ಹಾರ ಹಿಡಿದು ನಿಂತಿದ್ದರು! “ತನ್ನ ಪಕ್ಷಕ್ಕಽ ರೊಟ್ಟಿ ತೋರ್ಸಿದ ಗಂಡಸು!” ಎಂದು ಕೊರಳಿಗೆ ಹಾಕಿಯೇಬಿಟ್ಟರು. ನಮ್ಮ ಪಕ್ಷದವರು ಆಚೆ ಚಹಾದಂಗಡಿಯಲ್ಲಿ ಮುಖ ತಿರುಗಿಸಿ ಕುಳಿತಿದ್ದರು. ತಾಲೂಕು ಅಧ್ಯಕ್ಷಗಿರಿ ಹೋಯಿತೆಂದು ಅಲ್ಲಿಯೇ ಗೊತ್ತಾಯಿತು.

ಮನೆಗೆ ಬಂದು ಪೇಪರು ನೋಡಿದೆ. ಮೊದಲ ಪುಟದಲ್ಲಿಯೇ ಫೋಟೋ: ‘ಬೆಲೆಯೇರಿಕೆ ವಿರುದ್ಧ ಅನಾಮಿಕ ಪ್ರತಿನಿಧಿಯ ರೊಟ್ಟಿ ಪ್ರದರ್ಶನ.’ ನನ್ನ ಮುಖ ಪೂರ್ತಿ ರೊಟ್ಟಿಯ ಹಿಂದೆ. ಹೆತ್ತ ತಾಯಿಗೂ ಗುರುತು ಸಿಗುವಂತಿರಲಿಲ್ಲ!

“ಹಂಗಾದ್ರ ಇದು ನಾನಂತ ಊರಿಗೆ ಹೆಂಗ ಗೊತ್ತಾತು?” ಎಂದೆ.

“ನಾನಽ ಹೇಳಿದ್ನಿ,” ಎಂದಳು ಶಾಂತವ್ವ, ಹಿಗ್ಗಿ ಹೀರೇಕಾಯಿಯಾಗಿ. “ನಡುವ ಕರೇ ಗೆರಿ ನೋಡ್ರಿ! ನಮ್ಮ ಹಂಚಿಂದಽ. ಓಣಿ ತುಂಬ ತೋರ್ಸಿ ಬಂದೇನಿ!”

ನೆಟ್ಟಗೆ ಪೇಟೆಗೆ ಹೋಗಿ ಹೊಸ ಹಂಚು ತಂದು ಅವಳ ಮುಂದಿಟ್ಟೆ. ಅವಳು ಅದನ್ನು ಬೆರಳಿನಿಂದ ಬಡಿದು ನೋಡಿ ಸಂತೋಷದಿಂದ ತೆಗೆದಿಟ್ಟುಕೊಂಡಳು.

“ಮುಂದಿನ ಅಧಿವೇಶನಕ್ಕ ರೊಟ್ಟಿ ಅಷ್ಟಽ ಕಳಸೂಣ್ರಿ,” ಎಂದಳು. “ನೀವ್ಯಾಕ ಸುಮ್ಮನ ತ್ರಾಸ ತಗೋತೀರಿ?”