ಒಂದೆಡೆ ಬಿಗಿ, ಒಂದೆಡೆ ಸಡಿಲ

ಶಿಸ್ತಿನ ಮನುಷ್ಯನಲ್ಲಿ ಒಂದು ವಿಶೇಷವಿದೆ. ಬೇರೆಯವರು ಯಾವಾಗಲಾದರೊಮ್ಮೆ ಮಾಡುವ ತಪ್ಪನ್ನು ಅವನು ಪ್ರತಿ ಭಾನುವಾರ, ಸ್ನಾನಕ್ಕೆ ಮೊದಲು, ತಪ್ಪದೆ ಮಾಡುತ್ತಾನೆ. ಯಾರ ಮೇಲಿನ ಅಸೂಯೆಯಿಂದಲೂ ಇದನ್ನು ಹೇಳುತ್ತಿಲ್ಲ; ಆ ಮನುಷ್ಯ ನಾನೇ. ಅಂಬರನಾಥದ ಕಾರ್ಖಾನೆಯೊಂದರಲ್ಲಿ ಪಾಳಿಯ ಭೋಂಗಾ ಕೂಗುವ ಮೊದಲೇ ಗೇಟಿನೊಳಗೆ ಕಾಲಿಟ್ಟು ಆಯುಷ್ಯ ಸವೆಸಿದವನು. ನಿವೃತ್ತನಾದ ಮೇಲೆ ಭೋಂಗಾ ನಿಂತಿತು, ನಾನು ನಿಲ್ಲಲಿಲ್ಲ. ಡೊಂಬಿವಲಿಯ ನಮ್ಮ ಮನೆಯಲ್ಲಿ ಟವೆಲ್ಲು ಒಣಹಾಕುವುದಕ್ಕೂ ಒಂದು ದಿಕ್ಕಿದೆ, ಚಪ್ಪಲಿ ಬಿಡುವುದಕ್ಕೂ ಒಂದು ಕ್ರಮವಿದೆ. ಈ ಕ್ರಮಗಳನ್ನೆಲ್ಲ ಮುರಿಯುವ ಹಕ್ಕು ಮನೆಯಲ್ಲಿ ಒಬ್ಬರಿಗೆ ಮಾತ್ರ ಇದೆ. ಆಕೆ ನನ್ನ ಹೆಂಡತಿ ಸುಮಿತ್ರಾ.

ನನ್ನ ಮೋಟಾರ್ ಸೈಕಲ್ಲಿಗೆ ಒಮ್ಮೆ ವಿಚಿತ್ರವಾದ ರೋಗ ತಗುಲಿತು. ನಾಲ್ಕು ಮಾರು ಹಾಯಾಗಿ ಹೋಗುತ್ತಿತ್ತು. ಆಮೇಲೆ ಯಾರೋ ಬಾಲ ಹಿಡಿದು ಜಗ್ಗಿದಂತೆ ತಡೆದು, ‘ಕಟ್’ ಎಂದು ಮುಂದಕ್ಕೆ ಹಾರುತ್ತಿತ್ತು. ಹಾರಿದಾಗಲೆಲ್ಲ ಹಿಂದೆ ಕುಳಿತ ಸುಮಿತ್ರಾಳ ಹಣೆ ನನ್ನ ಹೆಲ್ಮೆಟ್ಟಿಗೆ ಬಡಿಯುತ್ತಿತ್ತು. ಗಾಡಿ ಓಡಿಸುವಾಗ ಏನಾದರೂ ತಿಳಿವಳಿಕೆ ಹೇಳುತ್ತ ಹೋಗುವುದು ನನ್ನ ಪದ್ಧತಿ. ಹೆಲ್ಮೆಟ್ಟಿಗೆ ಟಕ್ ಎಂದರೆ ಆಕೆ ಒಪ್ಪಿದಳೆಂದು ತಿಳಿದು ಮುಂದಿನ ವಿಷಯಕ್ಕೆ ಹೋಗುತ್ತಿದ್ದೆ. ನಮ್ಮ ದಾಂಪತ್ಯದಲ್ಲಿ ಅಷ್ಟೊಂದು ಸಹಮತ ಹಿಂದೆಂದೂ ಇರಲಿಲ್ಲ. ಕೆಳಗಿನ ಮಹಡಿಯಲ್ಲಿರುವ ಹೋಟೆಲಿನ ಶೆಟ್ಟರು ಒಂದು ದಿನ ನನ್ನನ್ನು ನಿಲ್ಲಿಸಿ, “ನಿಮ್ಮ ಮನೆಯವರದ್ದು ಎಂಥ ಮರ್ಯಾದೆ ಮಾರಾಯ್ರೇ! ಬೈಕಲ್ಲಿ ಕೂತ್ರೂ ದಾರಿಯಲ್ಲಿ ಹೋಗುವವರಿಗೆಲ್ಲ ತಲೆ ಬಾಗಿಸಿಕೊಂಡೇ ಹೋಗ್ತಾರೆ,” ಎಂದರು. ನಾನು ಹೆಮ್ಮೆಯಿಂದ ಮನೆಗೆ ಬಂದು ಹೇಳಿದೆ. ಸುಮಿತ್ರಾ ಹಣೆಗೆ ಹಚ್ಚುತ್ತಿದ್ದ ಮುಲಾಮಿನ ಡಬ್ಬಿಯನ್ನು ಟೇಬಲ್ಲಿನ ಮೇಲೆ ಕುಕ್ಕಿದಳು.

“ಕೇಳ್ರಿ ಇಲ್ಲೆ. ಕಲ್ಯಾಣದಾಗ ನನ್ನ ತಮ್ಮನ ಹೊಸ ಮನಿ ವಾಸ್ತುಶಾಂತಿ ಅದ. ಆರತಿ ನಾನ ಎತ್ತಬೇಕು. ಅವತ್ತು ನಿಮ್ಮ ಗಾಡಿ ಒಂದ ಒಂದು ಸಲ ಜಗ್ಗಿದ್ರೂ ಅದನ್ನ ಅಲ್ಲೇ ಗುಜರಿ ಭಂಗಾರಕ್ಕ ಹಾಕಿ, ತಮ್ಮನ ಹಳೇ ಸ್ಕೂಟರ್ ತಗೊಂಡು ಬರೋಣ. ಅದಕ್ಕ ಈ ಸುಡುಗಾಡು ಚೈನ್ ಇಲ್ಲ.”

ಸ್ಕೂಟರ್! ಗೇರಿಲ್ಲದ, ಕ್ಲಚ್ಚಿಲ್ಲದ, ಯಾವ ನಿಯಮವನ್ನೂ ಕೇಳದ ಆ ವಾಹನವನ್ನು ನಾನು ಮಡಿಯುಟ್ಟವನು ಮಟನ್ ಅಂಗಡಿಯನ್ನು ನೋಡುವಂತೆ ದೂರದಿಂದ ನೋಡಿದವನು. ಅದರ ಮೇಲೆ ಮೊಣಕಾಲು ಜೋಡಿಸಿ ಕುಳಿತ ನನ್ನ ಚಿತ್ರ ಕಣ್ಣಿಗೆ ಕಟ್ಟಿತು. ಗ್ಯಾರೇಜಿನವನು ಹಿಂದೊಮ್ಮೆ, “ಕಾಕಾ, ಚೈನ್ ಬದಲ್ ಡಾಲೋ,” ಎಂದಿದ್ದ. ನಾಡಿ ಹಿಡಿಯದೆ ಔಷಧಿ ಬರೆಯುವ ವೈದ್ಯರನ್ನು ನಾನು ನಂಬುವುದಿಲ್ಲವಾದ್ದರಿಂದ ಸ್ವಂತ ಚಿಕಿತ್ಸೆಯನ್ನೇ ಮುಂದುವರಿಸಿದ್ದೆ.

ಆ ಚಿಕಿತ್ಸೆಯ ವಿಧಾನವನ್ನು ಹೇಳಲೇಬೇಕು. ಚೈನ್ ಕವರಿನ ಕೆಳಭಾಗದಲ್ಲಿ ಒಂದು ರಬ್ಬರಿನ ಮುಚ್ಚಳವಿರುತ್ತದೆ. ಅದನ್ನು ತೆಗೆದು ಬೆರಳು ತೂರಿಸಿ ಚೈನನ್ನು ಮೇಲೆ ಕೆಳಗೆ ಆಡಿಸಿದರೆ ಎಷ್ಟು ಸಡಿಲವಿದೆಯೆಂದು ತಿಳಿಯುತ್ತದೆ. ಹೆಚ್ಚಾದರೆ ಹಿಂದಿನ ಗಾಲಿಯ ನಟ್ಟು ಸಡಿಲಿಸಿ, ಗಾಲಿಯನ್ನು ಹಿಂದೆ ಸರಿಸಿ ಬಿಗಿ ಮಾಡಬೇಕು. ಸಾಮಾನ್ಯ ಜನ ಸಿಕ್ಕ ಕಡೆ ಬೆರಳಿಟ್ಟು ನೋಡುತ್ತಾರೆ. ಅಳತೆಯೆಂದರೆ ಯಾವಾಗಲೂ ಒಂದೇ ಜಾಗದಲ್ಲಿ ಆಗಬೇಕು ಎಂಬುದು ನನ್ನ ಸಿದ್ಧಾಂತ. ಅದಕ್ಕೆಂದೇ ಸುಮಿತ್ರಾಳ ಉಗುರುಬಣ್ಣದಿಂದ ಚೈನಿನ ಒಂದು ಕೊಂಡಿಗೆ ಕೆಂಪು ಚುಕ್ಕೆ ಇಟ್ಟಿದ್ದೆ. ಪ್ರತಿ ಭಾನುವಾರ ಗಾಡಿಯನ್ನು ಡಬಲ್ ಸ್ಟ್ಯಾಂಡಿಗೆ ಏರಿಸುವುದು, ಕೆಂಪು ಕಾಣುವ ತನಕ ಗಾಲಿ ತಿರುಗಿಸುವುದು, ಅಲ್ಲಿ ಎರಡು ಬೆರಳಿನಷ್ಟು ಸಡಿಲ ಬಿಟ್ಟು ಬಿಗಿ ಮಾಡುವುದು. ಇಷ್ಟು ಕಟ್ಟುನಿಟ್ಟಾಗಿ ನೋಡಿಕೊಂಡರೂ ಚೈನು ವಾರವಾರಕ್ಕೂ ಹೆಚ್ಚು ಜಗ್ಗುತ್ತಿತ್ತು. ಶಿಸ್ತಿಗೆ ಬೆಲೆ ಕೊಡದ ಕಾಲ ಎಂದುಕೊಂಡು ಇನ್ನಷ್ಟು ಬಿಗಿ ಮಾಡುತ್ತಿದ್ದೆ.

ವಾಸ್ತುಶಾಂತಿಗೆ ಮುಂಚಿನ ಭಾನುವಾರ ನಾನು ಅಂಗಳದಲ್ಲಿ ನಟ್ಟು ತಿರುಗಿಸುವ ಪಾನಾ ಹಿಡಿದು ಕುಳಿತಿದ್ದೆ. ಸುಮಿತ್ರಾ ಚಹಾ ತಂದಳು. ಆಗಷ್ಟೇ ಅಳತೆ ಮುಗಿದಿತ್ತು. “ನೋಡು, ಬರೋಬ್ಬರಿ ಎರಡು ಬೆರಳು,” ಎಂದು ತೋರಿಸಿದೆ. ಆಕೆ ಬಗ್ಗಿ ನೋಡಿ, ಮಾತನಾಡುತ್ತಲೇ ಗಾಲಿಯನ್ನು ಒಂದು ಸುತ್ತು ತಳ್ಳಿದಳು. ಕೆಂಪು ಚುಕ್ಕೆ ಎಲ್ಲೋ ಮಾಯವಾಯಿತು. ಗಾಬರಿಯಿಂದ ಬೆರಳು ತೂರಿಸಿದರೆ ಚೈನು ಬಟ್ಟೆ ಒಣಹಾಕುವ ತಂತಿಯಂತೆ ಬಿಗಿದು ನಿಂತಿತ್ತು.

“ಏನು ಮಾಡಿದಿ?” ಎಂದು ಕೂಗಿದೆ.

“ಗಾಲಿ ತಿರುವೀನಿ. ತಿರುಗೂದು ಅದರ ಕೆಲಸ ಅಲ್ಲೇನು?”

ಮತ್ತೆ ತಿರುಗಿಸಿದೆ, ಸಡಿಲ. ಇನ್ನಷ್ಟು ತಿರುಗಿಸಿದೆ, ಬಿಗಿ. ಚೈನು ಎಲ್ಲ ಕಡೆ ಸಮನಾಗಿ ಸವೆದಿರಲಿಲ್ಲ. ಇಡೀ ಚೈನಿನಲ್ಲಿ ಅತ್ಯಂತ ಸಡಿಲವಾದ ಜಾಗವನ್ನೇ ಆರಿಸಿ ನಾನು ಕುಂಕುಮವಿಟ್ಟು ಪೂಜಿಸುತ್ತಿದ್ದೆ. ಅಲ್ಲಿ ಸರಿಯಾಗಲೆಂದು ಬಿಗಿ ಮಾಡಿದಷ್ಟೂ ಮಿಕ್ಕ ಕಡೆ ಚೈನಿನ ಕತ್ತು ಹಿಸುಕಿದಂತಾಗುತ್ತಿತ್ತು.

ಸುಮಿತ್ರಾಳಿಗೆ ಇದು ತಕ್ಷಣ ಅರ್ಥವಾಯಿತು. “ಮುಂಜಾನೆ ಖಾಲಿ ಹೊಟ್ಟೀಲೆ ಹೋಗಿ ದರ್ಜಿಗೆ ಪ್ಯಾಂಟಿನ ಅಳತಿ ಕೊಟ್ಟು ಬರ್ತೀರಿ. ಊಟ ಆದಮ್ಯಾಲೆ ಗುಂಡಿ ಹಾಕ್ಲಿಕ್ಕೆ ಉಸಿರು ಹಿಡೀತೀರಿ. ಪಾಪ, ಚೈನಿಗೂ ಹಂಗ ಮಾಡೀರಿ,” ಎಂದಳು. ಚಹಾ ತಣ್ಣಗಾಗಿತ್ತು. ಅದನ್ನೇ ಕುಡಿದು ಮತ್ತೆ ಪಾನಾ ಎತ್ತಿಕೊಂಡೆ.

ಎಲ್ಲಿ ಅತಿ ಬಿಗಿಯೋ ಅಲ್ಲಿ ಎರಡು ಬೆರಳು ಬಿಡಬೇಕು ಎಂಬ ಹೊಸ ಜ್ಞಾನದಿಂದ ಮತ್ತೆ ಹೊಂದಿಸಿ ನೋಡಿದೆ. ಆಗ ಕೆಂಪು ಚುಕ್ಕೆಯ ಕಡೆ ಚೈನು ಜೋತುಬಿದ್ದು ಕವರಿಗೆ ಬಡಿದು ತಾಳ ಹಾಕತೊಡಗಿತು. ಇನ್ನು ಯಾವ ಅಳತೆಗೂ ಅದು ಬಗ್ಗುವಂತಿರಲಿಲ್ಲ. ಗ್ಯಾರೇಜಿಗೆ ಒಯ್ದು ಚೈನನ್ನೂ ಹಿಂದಿನ ಮುಂದಿನ ಹಲ್ಲಿನ ಚಕ್ರಗಳನ್ನೂ ಒಟ್ಟಿಗೇ ಬದಲಾಯಿಸಿದೆ. ಗಾಲಿಯನ್ನು ನಿಧಾನವಾಗಿ ತಿರುಗಿಸುತ್ತ ಸುತ್ತೆಲ್ಲ ಬೆರಳಿಟ್ಟು ನೋಡಿದೆ. ಎಲ್ಲ ಕಡೆಯೂ ಸಮ. ಸ್ಕೂಟರು ಇನ್ನು ಕಲ್ಯಾಣದಲ್ಲೇ ಇರಲಿ ಎಂದುಕೊಂಡೆ.

ವಾಸ್ತುಶಾಂತಿಯ ದಿನ ಹೊರಟೆವು. ಗಾಡಿ ನೀರಿನ ಮೇಲೆ ತೇಲುವಂತೆ ಸಾಗಿತು. ದಾರಿಯಲ್ಲಿ ಪೆಟ್ರೋಲ್ ಹಾಕಿಸಬೇಕಿತ್ತು. ಪಂಪಿನಲ್ಲಿ ಹಿಂದೆ ಕುಳಿತವರು ಇಳಿದು, ಹೊರಹೋಗುವ ದಾರಿಯಲ್ಲಿ ನಿಲ್ಲಬೇಕೆಂಬುದು ನನ್ನದೇ ನಿಯಮ. ಸುಮಿತ್ರಾ ಇಳಿದಳು. ಪೆಟ್ರೋಲ್ ಹಾಕಿಸಿ, ಟ್ಯಾಂಕಿನ ಮುಚ್ಚಳ, ಪಾಕೀಟು, ಹಣ್ಣಿನ ಚೀಲ ಎಲ್ಲವನ್ನೂ ಕ್ರಮವಾಗಿ ಮುಟ್ಟಿ ನೋಡಿಕೊಂಡು ಆಕೆಯ ಮುಂದೆ ನಿಲ್ಲಿಸಿದೆ. ಹಿಂದಿನ ರಿಕ್ಷಾದವನು ಹಾರ್ನ್ ಹೊಡೆದ. ಹೊರಟೆ. ಹೆಲ್ಮೆಟ್ಟಿಗೆ ಟಕ್ ಎನ್ನಲಿಲ್ಲ. ನನ್ನ ಹೃದಯ ತುಂಬಿ ಬಂತು.

“ಏನಾದರೂ ಜಗ್ಗಿತಾ?” ಎಂದು ಕೇಳಿದೆ. ಉತ್ತರವಿಲ್ಲ. ಸೋತವರನ್ನು ಕೆಣಕಬಾರದೆಂದು ಚೈನಿನ ತತ್ತ್ವವನ್ನೇ ವಿವರಿಸುತ್ತ ಹೋದೆ. ಪ್ಯಾಂಟಿನ ಮಾತು ಸ್ವಲ್ಪ ಹೆಚ್ಚಾಯಿತು ಎಂದೂ ಸೌಮ್ಯವಾಗಿಯೇ ಹೇಳಿದೆ. ಒಂದಕ್ಕೂ ಎದುರಾಡಲಿಲ್ಲ. ಪತ್ರಿ ಪೂಲ್ ಸೇತುವೆಯ ಏರಿನಲ್ಲಂತೂ ಗಾಡಿ ಹೂವಿನಷ್ಟು ಹಗುರಾಗಿ ಏರಿತು. ಹೊಸ ಚೈನಿನ ಗುಣ ಎಂದು ಅದಕ್ಕೂ ಶಹಬ್ಬಾಸ್ ಎಂದೆ. ಜೇಬಿನ ಮೊಬೈಲು ಎಂದಿನಂತೆ ಬಂದ್ ಇತ್ತು. ಗಾಡಿ ಓಡಿಸುವಾಗ ಮೊಬೈಲು ಮುಟ್ಟುವುದು ನನಗೆ ಆಗದು.

ಹೇಳಿದ ಸಮಯಕ್ಕೆ ಸರಿಯಾಗಿ ಕಲ್ಯಾಣ ತಲುಪಿದೆ. ಭಾವಮೈದ ಗೇಟಿಗೇ ಬಂದಿದ್ದ. “ಬರ್ರಿ ಮಾಮಾ. ಅಕ್ಕ ಎಲ್ಲಿ?”

“ಇಳೀತಾಳೆ,” ಎಂದೆ, ತಿರುಗದೆ.

ಅವನು ನನ್ನ ಬೆನ್ನ ಹಿಂದೆ ನೋಡಿದ, ಆಮೇಲೆ ನನ್ನ ಮುಖ ನೋಡಿದ. ಒಳಗಿನಿಂದ ಪುರೋಹಿತರು, “ಆರತಿಯವರು ಬಂದ್ರಾ?” ಎಂದು ಕೂಗಿದರು. ಹಣ್ಣಿನ ಚೀಲ ಮಾತ್ರ ಸುರಕ್ಷಿತವಾಗಿ ಬಂದಿತ್ತು.

ನಾನು ಗಾಡಿ ತಿರುಗಿಸುವಷ್ಟರಲ್ಲಿ ರಿಕ್ಷಾ ಬಂದು ನಿಂತಿತು. ಪಂಪಿನ ಬಳಿ ಹಾರ್ನ್ ಹೊಡೆದ ಅದೇ ರಿಕ್ಷಾದವನು ನಗು ತಡೆಯಲಾರದೆ ಬೇರೆ ಕಡೆ ನೋಡುತ್ತಿದ್ದ. ಸುಮಿತ್ರಾ ಇಳಿದು, ಸೆರಗು ಸರಿಮಾಡಿಕೊಂಡು ಶಾಂತವಾಗಿ ನುಡಿದಳು: “ಚೈನ್ ಭಾಳ ಛಲೋ ಆಗೇದ್ರಿ. ನೀವು ಹೋದದ್ದ ಗೊತ್ತಾಗಲಿಲ್ಲ.”

ಆರತಿ ಆಯಿತು, ಊಟವೂ ಆಯಿತು. ಭಾವಮೈದ ಮೆಲ್ಲಗೆ ಸ್ಕೂಟರಿನ ಮಾತೆತ್ತಿದ. ನಾನು ತಲೆ ತಗ್ಗಿಸಿ ಹೋಳಿಗೆ ಮುರಿಯುತ್ತಿದ್ದೆ. “ಬ್ಯಾಡಪ್ಪಾ,” ಎಂದಳು ಆಕೆ. “ಗಾಡಿ ಒಂದು ಸಲಾನೂ ಜಗ್ಗಿಲ್ಲ, ಅದರದೇನು ತಪ್ಪು? ಭಂಗಾರಕ್ಕ ಹಾಕೂದಾದ್ರ ಓಡ್ಸಾವ್ರನ್ನ ಹಾಕಬೇಕು.”

ಗಾಡಿ ಉಳಿಯಿತು. ಆದರೆ ನನ್ನ ನಿಯಮಗಳ ಸಾಲಿಗೆ ಸುಮಿತ್ರಾ ತನ್ನದೊಂದು ನಿಯಮ ಸೇರಿಸಿದ್ದಾಳೆ: ಹೊರಡುವ ಮೊದಲು ನಾನು ಬಾಯಿಬಿಟ್ಟು ಕೇಳಲೇಬೇಕು. ಇಡೀ ಕಟ್ಟಡಕ್ಕೆ ಕೇಳಿಸುವಂತೆ, “ಕೂತೆಯಾ?” ಎನ್ನುತ್ತೇನೆ. ಹಿಂದಿನ ಸೀಟಿನಿಂದ, “ಇಲ್ಲ,” ಎಂದು ಸ್ಪಷ್ಟವಾದ ಉತ್ತರ ಬರುತ್ತದೆ. ಆಮೇಲೆ ಕ್ಲಚ್ಚು ಬಿಡುತ್ತೇನೆ.