ಕ್ರೊಯೇಷಿಯನ್ ಭಾಷೆಗೆ ಇಳಿಯಲೊಪ್ಪದ ನಮ್ಮ ಬೀದಿಯ ಸೆಕೆಂಡರಿ ಕಾಲೇಜು

ಸೇಂಟ್ ಆಲ್ಬನ್ಸ್, ಮೆಲ್ಬರ್ನ್
ನವೆಂಬರ್ 1996

ಸಿಡ್ನಿಯ ಭಾಷಾಂತರ ಕಚೇರಿಯೊಂದರ ಕ್ರೊಯೇಷಿಯನ್ ವಿಭಾಗದ ಶಾಲಾ ಪರಿಭಾಷಾ ಉಪಸಮಿತಿಯ ಸಂಚಾಲಕರ ಸನ್ನಿಧಿಗೆ,

ಮಾನ್ಯರೇ,

ಆಸ್ಟ್ರೇಲಿಯಾ ಖಂಡದ ಸಮಸ್ತ ಶಾಲೆಗಳನ್ನೂ ಇಂಗ್ಲಿಷಿನಿಂದ ಎತ್ತಿ ಕ್ರೊಯೇಷಿಯನ್ ಭಾಷೆಯಲ್ಲಿ ಇಳಿಸುವ ಗುರುತರ ಹೊಣೆ ಹೊತ್ತಿರುವ ತಮಗೂ, ತಮ್ಮ ಉಪಸಮಿತಿಯ ಸದಸ್ಯರಿಗೂ, ಎಂದೂ ದಣಿಯದ ತಮ್ಮ ಫ್ಯಾಕ್ಸ್ ಯಂತ್ರಕ್ಕೂ ಈ ಹಿರಿಯನ ಗೌರವಪೂರ್ವಕ ನಮಸ್ಕಾರಗಳು ಸಲ್ಲಲಿ. ಕನ್ನಡ ಮಾಧ್ಯಮದಲ್ಲಿ ಓದಿ, ಕನ್ನಡ ಮಾಧ್ಯಮದಲ್ಲಿಯೇ ಪಾಠ ಹೇಳಿ, ಹಾಸನ ಜಿಲ್ಲೆಯ ಸರ್ಕಾರಿ ಪ್ರೌಢಶಾಲೆಯೊಂದರ ಮುಖ್ಯೋಪಾಧ್ಯಾಯನಾಗಿ ನಿವೃತ್ತನಾದ ನಾನು ಸದ್ಯ ಮಗ-ಸೊಸೆಯರೊಂದಿಗೆ ಇಲ್ಲಿ ನೆಲೆಸಿದ್ದೇನೆ. ಈ ಬಹಿರಂಗ ಪತ್ರವನ್ನು ಕನ್ನಡದಲ್ಲಿ ಬರೆದು ನಮ್ಮ ಕನ್ನಡ ಸಂಘದ ಪತ್ರಿಕೆಗೆ ಕಳಿಸುತ್ತಿರುವುದಕ್ಕೆ ತಾವು ಬೇಸರಿಸಬಾರದು; ಇಂಗ್ಲಿಷಿನಲ್ಲಿ ಬರೆದಿದ್ದರೆ ತಾವು ಇದನ್ನು ಭಾಷಾಂತರಿಸಿಬಿಡುವ ಅಪಾಯವಿತ್ತು.

ವಿಷಯ ಇಷ್ಟೆ. ನಮ್ಮ ಪಕ್ಕದ ಮನೆಯಲ್ಲಿ ಆಂಕಿತ್ಸಾ ಎಂಬ ಕ್ರೊಯೇಷಿಯಾದ ವೃದ್ಧೆಯೂ ಆಕೆಯ ಮೊಮ್ಮಗಳು ವೆಸ್ನಾಳೂ ವಾಸವಾಗಿದ್ದರು. ಆಂಕಿತ್ಸಾ ತಮ್ಮ ಹಿತ್ತಲಿನ ದಪ್ಪ ಮೆಣಸಿನಕಾಯಿಯನ್ನು ಬೇಲಿಯ ಮೇಲಿಂದ ನಮಗೆ ಕೊಡುವರು, ನಾವು ಅದರ ಪಲ್ಯ ಮಾಡಿ ಅದೇ ಬೇಲಿಯ ಮೇಲಿಂದ ಹಿಂದಿರುಗಿಸುವೆವು. ವೆಸ್ನಾ ಅಜ್ಜಿಯ ಕೋಳಿಯ ಮುರಿದ ಕಾಲಿಗೆ ಐಸ್‌ಕ್ರೀಮ್ ಕಡ್ಡಿ ಕಟ್ಟಿ ನಡೆಸಿದ ಹುಡುಗಿ. ಆಕೆಗೆ ಕ್ರೊಯೇಷಿಯಾದಲ್ಲಿರುವ ಅಜ್ಜಿಯ ತಂಗಿಯ ಮನೆಯಲ್ಲಿದ್ದುಕೊಂಡು ಅಲ್ಲಿಯ ಪಶುವೈದ್ಯ ವಿದ್ಯಾಲಯದಲ್ಲಿ ಓದಬೇಕೆಂಬ ಒಂದೇ ಹಂಬಲ. ಅಂಕಗಳಿದ್ದವು, ಭಾಷೆ ಬರುತ್ತಿತ್ತು, ಜುಲೈ ತಿಂಗಳವರೆಗೆ ಅವಕಾಶವೂ ಇತ್ತು. ಆಕೆ ಓದಿ ಮುಗಿಸಿದ ಸೆಕೆಂಡರಿ ಕಾಲೇಜು ಯಾವ ಬಗೆಯ ಶಾಲೆ ಎಂಬುದನ್ನು ಕ್ರೊಯೇಷಿಯನ್ ಭಾಷೆಯಲ್ಲಿ ಹೇಳುವುದೊಂದೇ ಬಾಕಿ ಇತ್ತು. ಆ ಒಂದು ಮಾತನ್ನು ಹೇಳಲು ತಮ್ಮನ್ನು ಕೇಳಿಕೊಂಡೆವು.

ತಮ್ಮ ಮೊದಲನೆಯ ಭಾಷಾಂತರದ ಔದಾರ್ಯವನ್ನು ಎಷ್ಟು ಕೊಂಡಾಡಿದರೂ ಸಾಲದು. ಸಿಡ್ನಿಯ ಮಕ್ಕಳು ಯಾವ ವಯಸ್ಸಿನಲ್ಲಿ ಹೈಸ್ಕೂಲಿಗೆ ಹೋಗುತ್ತಾರೋ ಅದೇ ವಯಸ್ಸಿನಲ್ಲಿ ಮೆಲ್ಬರ್ನಿನ ಮಕ್ಕಳು, ಅದೇ ಬಗೆಯ ಊಟದ ಡಬ್ಬಿ ಹಿಡಿದು, ಸೆಕೆಂಡರಿ ಕಾಲೇಜಿಗೆ ಹೋಗುತ್ತಾರೆ. ಸಿಡ್ನಿಯಲ್ಲಿ ಕುಳಿತಿರುವ ತಮಗೆ ಈ ಸಣ್ಣ ಸಂಗತಿ ತಿಳಿದಿರಬೇಕೆಂದು ಬಯಸುವುದು ಅವಿನಯವಾದೀತು. ಕಾಲೇಜೆಂದರೆ ಕಾಲೇಜೇ ಎಂದು ನಿರ್ಧರಿಸಿ ತಾವು ಅದನ್ನು ವಿಶ್ವವಿದ್ಯಾಲಯದ ಮಟ್ಟಕ್ಕೆ ಏರಿಸಿದಿರಿ. ಪಶುವೈದ್ಯ ವಿದ್ಯಾಲಯದವರು ವೆಸ್ನಾಳನ್ನು ಅಭಿನಂದಿಸಿ, ಪದವಿ ಮುಗಿಸಿದ ಮಹನೀಯೆ ಮತ್ತೆ ಮೊದಲನೆಯ ವರ್ಷಕ್ಕೆ ಏಕೆ ಬರಬೇಕೆಂದು ವಿನಯದಿಂದ ವಿಚಾರಿಸಿದರು.

ಆಂಕಿತ್ಸಾ ಅಂದು ಬೇಲಿಯ ಬಳಿಗೆ ಬಂದು, “ಮಿಸ್ಟರ್ ಟೀಚರ್, ಗಿಮ್ನಾಜಿಯಾ ಅಂತ ಬರೆದರೆ ಮುಗಿಯಿತಲ್ಲ? ನಮ್ಮ ಊರಿನ ಕತ್ತೆಗೂ ಅದು ಗೊತ್ತು” ಎಂದರು. ವಿಶ್ವವಿದ್ಯಾಲಯಕ್ಕೆ ಸಿದ್ಧಗೊಳಿಸುವ ಶಾಲೆಗೆ ಅವರ ದೇಶದಲ್ಲಿ ಆ ಹೆಸರಂತೆ. ಕತ್ತೆಯ ವಿಷಯವನ್ನು ಬಿಟ್ಟು ಉಳಿದುದನ್ನು ನಾನು ತಮಗೆ ಬರೆದು ತಿಳಿಸಿದೆ. ಆ ಹೆಸರನ್ನು ತಾವು ಶುಲ್ಕ ತೆಗೆದುಕೊಂಡು ಟೈ ಕಟ್ಟಿಸುವ ಗ್ರಾಮರ್ ಸ್ಕೂಲುಗಳಿಗೆಂದೇ ಮೀಸಲಿಟ್ಟಿರುವಿರೆಂದೂ, ಟೈ ಇಲ್ಲದ ಶಾಲೆಗೆ ಅದನ್ನು ಕೊಟ್ಟರೆ ತಮ್ಮ ಪಟ್ಟಿಯ ಶಿಸ್ತು ಕೆಡುವುದೆಂದೂ ತಾವು ಉತ್ತರಿಸಿದಿರಿ. ಶಿಸ್ತಿನ ಮಾತು ಬಂದರೆ ನಾನು ತಲೆಬಾಗುವವನು.

ಎರಡನೆಯ ಭಾಷಾಂತರದಲ್ಲಿ ತಾವು ಇತಿಹಾಸ ಸಂಶೋಧನೆಗೆ ಕೈಹಾಕಿದಿರಿ. ಆ ಕಟ್ಟಡದಲ್ಲಿ ಕೆಲವು ವರ್ಷಗಳ ಹಿಂದೆ ತಾಂತ್ರಿಕ ಶಾಲೆಯಿದ್ದುದನ್ನು ಪತ್ತೆಹಚ್ಚಿ, ವೆಸ್ನಾ ಕಸಬು ಕಲಿಸುವ ಶಾಲೆಯಲ್ಲಿ ಓದಿದವಳೆಂದು ಬರೆದಿರಿ. ಲೇತ್ ಯಂತ್ರ ನಡೆಸಲು ಕಲಿತವರನ್ನು ಹಸುವಿನ ಹೊಟ್ಟೆಗೆ ಕೈಹಾಕಲು ಬಿಡಲಾಗದೆಂದು ವಿದ್ಯಾಲಯದವರು ವಿಷಾದಿಸಿದರು. ಹೀಗೆ ಒಂದೇ ಹುಡುಗಿ ಒಂದು ತಿಂಗಳು ಪದವೀಧರೆಯಾಗಿ, ಮರು ತಿಂಗಳು ಮೆಕ್ಯಾನಿಕ್ ಆದಳು. ಶಾಲೆ ಮುಗಿಸಿದ ಹುಡುಗಿಯಾಗಿರುವ ಅವಕಾಶ ಮಾತ್ರ ಆಕೆಗೆ ಒದಗಲಿಲ್ಲ.

ಈ ಹಂತದಲ್ಲಿ ನನ್ನ ಸೊಸೆ ತಾರಾ, “ಮಾವ, ನಿಮಗ್ಯಾಕೆ ಬೇಕಿತ್ತು ಇದೆಲ್ಲಾ? ಲೆಟರ್ ಬರೆದಷ್ಟೂ ಅವರು ಹೊಸದೊಂದು ಕಂಡುಹಿಡೀತಾರೆ. ಸುಮ್ನೆ ಬಿಟ್ಬಿಡಿ” ಎಂದಳು. ಮೊಮ್ಮಗಳು ನಿಕಿತಾ ಟಿವಿಯಿಂದ ಕಣ್ಣು ತೆಗೆಯದೆ, “ತಾತಾ, ಇಟ್ಸ್ ಜಸ್ಟ್ ಎ ಸ್ಕೂಲ್” ಎಂದಳು. ತಮ್ಮ ಉಪಸಮಿತಿಯಲ್ಲಿ ಒಂದು ಸ್ಥಾನ ತೆರವಾದರೆ ಈ ಮಗುವಿನ ಹೆಸರನ್ನು ಪರಿಶೀಲಿಸಬೇಕಾಗಿ ವಿನಂತಿ.

ಸುಮ್ಮನೆ ಬಿಡುವುದು ನನ್ನಿಂದಾಗಲಿಲ್ಲ, ಏಕೆಂದರೆ ಈ ಕಷ್ಟ ನನಗೆ ಹೊಸದಲ್ಲ. ನಮ್ಮ ಪ್ರೌಢಶಾಲೆಗೂ ಸರ್ಕಾರವು ಒಂದು ಬೆಳಿಗ್ಗೆ ಪದವಿಪೂರ್ವ ಕಾಲೇಜೆಂಬ ಫಲಕ ತಗುಲಿಸಿತ್ತು. ಅದೇ ಬೆಂಚು, ಅದೇ ಗಂಟೆ, ಅದೇ ಸೋರುವ ಹೆಂಚು. ಬದಲಾದದ್ದು ಫಲಕ ಮತ್ತು ರಬ್ಬರ್ ಮೊಹರು. ಹೊಸ ಮೊಹರು ಬಂದ ಮೇಲೆ ಹಳೆಯದು ನಿರುಪಯುಕ್ತವೆಂದು ಇಲಾಖೆಯವರು ತಿರಸ್ಕರಿಸಿದ್ದರಿಂದ ಅದನ್ನು ನಾನು ಇಟ್ಟುಕೊಂಡೆ. ಅದೀಗ ನಿಕಿತಾಳ ಕನ್ನಡ ಕಾಪಿ ಪುಸ್ತಕದ ಮೇಲೆ ಮಾತ್ರ ಬೀಳುತ್ತದೆ, ಅದೂ ಅಕ್ಷರ ದುಂಡಗಿದ್ದರೆ ಮಾತ್ರ.

ಇನ್ನು ತಮ್ಮ ಮೂರನೆಯ ಭಾಷಾಂತರ. ಯಾವ ಹೆಸರೂ ಹೊಂದದೆಂದು ಮನಗಂಡ ತಾವು ಹೆಸರನ್ನೇ ಕೈಬಿಟ್ಟು ವರ್ಣನೆಗೆ ತೊಡಗಿದಿರಿ. ಆಂಕಿತ್ಸಾ ಅದನ್ನು ನನಗೆ ಓದಿ ಹೇಳಿದ ಪ್ರಕಾರ, ವೆಸ್ನಾ ಕಲಿತದ್ದು “ಹೆಸರಿನಲ್ಲಿ ಉನ್ನತವಾದರೂ ಸ್ವರೂಪದಲ್ಲಿ ಮಧ್ಯಮವಾದ, ಹಿಂದೆ ತಾಂತ್ರಿಕವಾಗಿದ್ದು ಈಗ ಹಾಗಿಲ್ಲದ, ಸಮೀಪದ ಬೀದಿಗಳ ಮಕ್ಕಳನ್ನು ಆಯ್ಕೆಯಿಲ್ಲದೆ ಸೇರಿಸಿಕೊಂಡು ಅವರ ಯೌವನಾರಂಭದವರೆಗೂ ಹಗಲು ಹೊತ್ತಿನಲ್ಲಿ ಇರಿಸಿಕೊಳ್ಳುವ ಸರ್ಕಾರಿ ಸಂಸ್ಥೆ”ಯಲ್ಲಿ. ಇದನ್ನು ಕೇಳಿದರೆ ಆಕೆಗೆ ಜಾಮೀನು ಸಿಕ್ಕಿದ್ದು ಯಾವಾಗ ಎಂದು ಯಾರಾದರೂ ಕೇಳಿಯಾರು. ಮಾನ್ಯರೇ, ಇನ್ನು ಮುಂದೆ ಇಷ್ಟು ಶ್ರಮ ಬೇಡ. ಶಾಲೆಗೆ ತಕ್ಕ ಪದ ಸಿಗದಿದ್ದಲ್ಲಿ, ತಮ್ಮಲ್ಲಿರುವ ಪದಕ್ಕೆ ತಕ್ಕಂತೆ ಒಂದು ಶಾಲೆಯನ್ನು ಕಟ್ಟಿಸಿ ವೆಸ್ನಾಳನ್ನು ಮೊದಲ ತರಗತಿಯಿಂದ ಅಲ್ಲಿಗೆ ಸೇರಿಸಬಹುದಿತ್ತು. ಅದೂ ಕಷ್ಟವೆನಿಸಿದರೆ ಮೆಲ್ಬರ್ನನ್ನು ಸಿಡ್ನಿಗೆ ಸ್ಥಳಾಂತರಿಸಬಹುದಿತ್ತು. ನಾವು ಸಾಮಾನು ಕಟ್ಟಿಕೊಂಡು ಸಿದ್ಧರಿರುತ್ತಿದ್ದೆವು.

ಜುಲೈ ಸಮೀಪಿಸಿತು. ವಿದ್ಯಾಲಯದ ಗುಮಾಸ್ತರು ಆಂಕಿತ್ಸಾರ ತಂಗಿಯನ್ನು ಕರೆಸಿ, ಶಾಲೆ ಯಾವ ಬಗೆಯದೆಂಬ ತರ್ಕ ಹಾಗಿರಲಿ, ಪ್ರಮಾಣಪತ್ರದ ಪ್ರತಿಯ ಮೇಲೆ ಮೊಹರೆಲ್ಲಿ, ಮೊಹರಿಲ್ಲದ್ದು ಬರಿಯ ಕಾಗದವಲ್ಲವೇ ಎಂದು ಕೇಳಿದರಂತೆ. ಪ್ರತಿಯ ಮೇಲಿದ್ದದ್ದು ನಮ್ಮ ಬೀದಿಯ ಔಷಧಿ ಅಂಗಡಿಯವರ ಸಹಿ ಮಾತ್ರ. ಪ್ರತಿಯನ್ನು ದೃಢೀಕರಿಸಲು ಈ ದೇಶದಲ್ಲಿ ಅಷ್ಟೇ ಸಾಕು. ಆ ಗುಮಾಸ್ತರ ಮಾತು ಕೇಳಿ ನನಗೆ ಸ್ವಂತ ತಾಲ್ಲೂಕು ಕಚೇರಿಗೆ ಮರಳಿದಷ್ಟು ಸಂತೋಷವಾಯಿತು. ಮೊಹರಿಲ್ಲದ ಪ್ರತಿಯನ್ನು ನಾನೂ ಎಂದೂ ಸ್ವೀಕರಿಸಿದವನಲ್ಲ.

ಬೇಲಿಯಾಚೆ ಆಂಕಿತ್ಸಾ ಏಪ್ರನ್ನಿನ ತುದಿಯಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ವೆಸ್ನಾ ಕೋಳಿಯನ್ನು ಎತ್ತಿಕೊಂಡು ನಿಂತಿದ್ದಳು. ನಾನು ಮೂಲ ಪ್ರಮಾಣಪತ್ರವನ್ನು ತರಿಸಿ, ಹೊಸ ಪ್ರತಿಯೊಡನೆ ಸಾಲುಸಾಲಾಗಿ ಹೋಲಿಸಿ, ಕೆಳಗೆ ‘ಮೂಲದೊಡನೆ ಹೋಲಿಸಿದೆ, ಸರಿಯಿದೆ’ ಎಂದು ಕನ್ನಡದಲ್ಲಿ ಬರೆದೆ. ಇದರಲ್ಲಿ ಸುಳ್ಳೊಂದಕ್ಷರವಿಲ್ಲ. ನಿವೃತ್ತನೆಂದು ನಮೂದಿಸಿಯೇ ಹಸಿರು ಶಾಯಿಯಲ್ಲಿ ಸಹಿ ಮಾಡಿದೆ. ಅನಂತರ ನಮ್ಮ ಹಳೆಯ ಮೊಹರಿಗೆ ಬಾಯಿಂದ ಉಸಿರು ಬಿಟ್ಟು, ನೇರಳೆ ಮಸಿ ಹಚ್ಚಿ, ಬಲವಾಗಿ ಒತ್ತಿದೆ. ದುಂಡನೆಯ ಅಂಚಿನೊಳಗೆ ದುಂಡನೆಯ ಅಕ್ಷರಗಳು. “ಮಿಸ್ಟರ್ ಟೀಚರ್, ಇದು ಸರ್ಕಾರ” ಎಂದರು ಆಂಕಿತ್ಸಾ.

ವಾರಗಳಲ್ಲೇ ಪ್ರವೇಶ ದೊರೆಯಿತು. ಕಳೆದ ತಿಂಗಳು ತರಗತಿಗಳು ಆರಂಭವಾದವು. ಮೊನ್ನೆ ವೆಸ್ನಾ ತನ್ನ ವಿದ್ಯಾರ್ಥಿ ಪುಸ್ತಿಕೆಯ ಮೊದಲ ಪುಟದ ಛಾಯಾಚಿತ್ರವನ್ನು ಕಳಿಸಿದ್ದಾಳೆ. ಹಿಂದೆ ಓದಿದ ಶಾಲೆಯ ಬಗೆ ಎಂಬ ಅಂಕಣದಲ್ಲಿ ತಮ್ಮ ಮೂರು ಭಾಷಾಂತರಗಳಲ್ಲಿ ಒಂದೂ ಇಲ್ಲ. ಯಾರೋ ಪುಣ್ಯಾತ್ಮರು, ಮೊಹರಿನಲ್ಲಿ ಅತಿ ದೊಡ್ಡದಾಗಿದ್ದ ಪದವನ್ನು, ರಂಗೋಲಿ ನಕಲು ಮಾಡುವವರ ಶ್ರದ್ಧೆಯಿಂದ, ನೋಡಿ ನೋಡಿ ಬರೆದಿದ್ದಾರೆ: ಪ್ರೌಢಶಾಲೆ.

ತಮ್ಮ ಪಟ್ಟಿಯ ಯಾವ ಅಂಕಣಕ್ಕೂ ಸೇರದ,
ಆದರೂ ತಮ್ಮ ವಿಶ್ವಾಸಿಯೇ ಆದ,
ತಿ. ನ. ಬದರಿನಾಥ
ನಿವೃತ್ತ ಮುಖ್ಯೋಪಾಧ್ಯಾಯ

ಮರೆತ ಮಾತು: ವಿದ್ಯಾಲಯದವರು ಬರೆದಿರುವ ಆ ಪದದಲ್ಲಿ ಢಕಾರದ ಹೊಟ್ಟೆ ಸೀಳಿಲ್ಲ, ಅದಕ್ಕಾಗಿ ಅರ್ಧ ಅಂಕ ಕಳೆದು ಉತ್ತೀರ್ಣಗೊಳಿಸಿದ್ದೇನೆ. ತಮ್ಮ ಮೂರು ಉತ್ತರಪತ್ರಿಕೆಗಳೂ ನನ್ನ ಬಳಿಯೇ ಇವೆ. ಬೇಕಾದಲ್ಲಿ ಫಲಿತಾಂಶವನ್ನು ಅದೇ ಮೊಹರು ಒತ್ತಿ ಕಳಿಸುವೆನು. ದಯವಿಟ್ಟು ಅದನ್ನು ಭಾಷಾಂತರಿಸಿಕೊಳ್ಳಬೇಡಿ, ನೊಂದುಕೊಳ್ಳುವಿರಿ.